ಹಾರುವ ಓತಿಯ ಹಿಂದೆ ಹೋದ ಮೇಷ್ಟ್ರ ಮಗ

ಈ ಸೆಮಿಸ್ಟರ್‌ನಲ್ಲಿ ನಮ್ಮ ಪುಸ್ತಕ ಬಳಗಕ್ಕೆ ಒಂದು ನಗಿಸುವ ವೈಜ್ಞಾನಿಕ ಕಾದಂಬರಿ ತಗೊಳ್ಳೋಣ ಅಂತ ತೀರ್ಮಾನ ಆದ ಕೂಡಲೇ ಎರಡು ಪಾರ್ಟಿ ಆಯ್ತು. ಒಂದು ಪಾರ್ಟಿ ಡಗ್ಲಾಸ್ ಆಡಮ್ಸ್‌ನ ‘ಹಿಚ್‌ಹೈಕರ್ಸ್ ಗೈಡ್ ಟು ದ ಗ್ಯಾಲಕ್ಸಿ’ ಹಿಡ್ಕೊಂಡಿತು. ಇನ್ನೊಂದು ಪಾರ್ಟಿ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಹಿಡ್ಕೊಂಡಿತು. ಮೊದಲನೇದು 1979ರದ್ದು, ಎರಡನೇದು 1980ರದ್ದು. ಒಂದರಲ್ಲಿ ಬ್ರಹ್ಮಾಂಡದ ಬೈಪಾಸ್ ರಸ್ತೆಗೆ ಅಡ್ಡ ಬರುತ್ತೆ ಅಂತ ಇಡೀ ಭೂಮಿಯನ್ನೇ ಒಡೆದು ಹಾಕ್ತಾರೆ. ಇನ್ನೊಂದರಲ್ಲಿ ಮೂಡಿಗೆರೆಯ ಒಬ್ಬ ರೈತ ಜೇನುತುಪ್ಪ ತರೋಕೆ ಅಂತ ಪೇಟೆಗೆ ಹೋಗ್ತಾನೆ. ಹಿಚ್‌ಹೈಕರ್ ಪಾರ್ಟಿಯವರ ತಕರಾರು ಏನಪ್ಪಾ ಅಂದ್ರೆ, ‘ಕರ್ವಾಲೊ’ದಲ್ಲಿ ರಾಕೆಟ್ ಇಲ್ಲ, ರೋಬೋ ಇಲ್ಲ, ಬೇರೆ ಗ್ರಹ ಇಲ್ಲ; ಇರೋದು ಜೇನು, ನಾಯಿ, ಕಳ್ಳಭಟ್ಟಿ ಕೇಸು, ಒಂದು ಮದುವೆ. ಇದನ್ನ ಯಾವ ಬಾಯಲ್ಲಿ ಸೈನ್ಸ್ ಫಿಕ್ಷನ್ ಅನ್ನೋದು?

ತಕರಾರು ನ್ಯಾಯವಾದದ್ದೇ. ಅದಕ್ಕೆ ಉತ್ತರ ಕಾದಂಬರಿಯ ಒಳಗೆ ಅರ್ಧ ಇದೆ, ಅದನ್ನು ಬರೆದ ಮನುಷ್ಯನ ಬದುಕಿನಲ್ಲಿ ಇನ್ನರ್ಧ ಇದೆ. ಅವರು ತೀರಿಕೊಂಡಾಗ ನಮ್ಮಲ್ಲಿ ಹೆಚ್ಚಿನವರು ತೊಟ್ಟಿಲಲ್ಲಿ ಇದ್ದೆವು, ಕೆಲವರು ಇನ್ನೂ ಹುಟ್ಟೇ ಇರಲಿಲ್ಲ. ಹಾಗಾಗಿ ತೇಜಸ್ವಿ ಅಂದ್ರೆ ನಮಗೆ ಪಠ್ಯಪುಸ್ತಕದ ಒಂದು ಪಾಠ, ಗಡ್ಡದ ಒಂದು ಫೋಟೋ, ಸ್ಟೇಟಸ್‌ಗೆ ಹಾಕೋ ಎರಡು ಸಾಲು. ಆ ಸಾಲುಗಳಲ್ಲಿ ಅವರದ್ದೆಷ್ಟು, ವಾಟ್ಸಾಪಿನವರದ್ದೆಷ್ಟು ಅನ್ನೋದು ಬೇರೆ ಪ್ರಶ್ನೆ. ಇಲ್ಲಿ ಸಾಲು ಉದ್ಧರಿಸುವ ಕೆಲಸ ಬೇಡ, ಬದುಕನ್ನಷ್ಟೇ ನೋಡೋಣ.

ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು. ಊರು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ. ಅಪ್ಪ ಕುವೆಂಪು, ಅಮ್ಮ ಹೇಮಾವತಿ. ನಾಲ್ಕು ಮಕ್ಕಳಲ್ಲಿ ಇವರೇ ದೊಡ್ಡವರು. ಬೆಳೆದದ್ದು ಮಾತ್ರ ನಮ್ಮ ಮೈಸೂರಿನಲ್ಲಿ, ಒಂಟಿಕೊಪ್ಪಲಿನ ‘ಉದಯರವಿ’ ಮನೆಯಲ್ಲಿ. ವಿ.ವಿ. ಮೊಹಲ್ಲಾ ಕಡೆ ದಿನಾ ಓಡಾಡುವವರು ಆ ಮನೆಯ ಮುಂದೆ ಹಾದುಹೋಗಿರ್ತೀರಿ, ಗಮನಿಸಿರೋದಿಲ್ಲ ಅಷ್ಟೆ. ಇವತ್ತು ಅದು ಊರಿನ ನಡುಮಧ್ಯ. ಆವಾಗ ಊರು ಅಲ್ಲಿಗೆ ಮುಗಿಯುವ ಹಾಗಿತ್ತು, ಆಚೆಗೆ ಬಯಲು, ಕೆರೆ, ಪೊದೆ. ಮಲೆನಾಡಿನ ರಕ್ತ ಇದ್ದ ಹುಡುಗನಿಗೆ ಕ್ಲಾಸ್‌ರೂಮಿಗಿಂತ ಆ ಬಯಲೇ ಹೆಚ್ಚು ಹಿಡಿಸಿದ್ದರಲ್ಲಿ ಆಶ್ಚರ್ಯ ಇಲ್ಲ.

ಕುವೆಂಪು ಆಗ ಸಣ್ಣ ಹೆಸರಲ್ಲ. 1955ರಲ್ಲಿ ಮಹಾರಾಜ ಕಾಲೇಜಿನ ಪ್ರಿನ್ಸಿಪಾಲ್ ಆದರು, 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿ. ನಾವು ಫೆಸ್ಟ್‌ಗೆ ಅಂತ ಹೋಗಿ ಸೆಲ್ಫಿ ತೆಗೆಯುವ ಮಾನಸಗಂಗೋತ್ರಿ ಅವರ ಕಾಲದಲ್ಲಿ ರೂಪುಗೊಂಡದ್ದು, ಆ ಹೆಸರೂ ಅವರು ಇಟ್ಟದ್ದೇ. ಇಂಥಾ ಅಪ್ಪನ ಮಗ ಅದೇ ಊರಿನಲ್ಲಿ, ಅದೇ ವಿಶ್ವವಿದ್ಯಾನಿಲಯದಲ್ಲಿ ಓದುವುದು ಅಂದ್ರೆ ಯೋಚಿಸಿ. ನಮ್ಮ ಪೈಕಿ ಯಾರಾದ್ರೂ ಎಚ್‌ಓಡಿಯ ಮಕ್ಕಳಿದ್ದರೆ ಅವರನ್ನ ಕೇಳಿದ್ರೆ ಸ್ವಲ್ಪ ಅಂದಾಜು ಸಿಗಬಹುದು. ಪ್ರತಿ ಮಾರ್ಕ್ಸ್ ಕಾರ್ಡನ್ನೂ ಇಡೀ ಊರು ಅಪ್ಪನ ಪಕ್ಕ ಇಟ್ಟು ನೋಡುತ್ತೆ. ತಾನು ಶಾಲೆ ಕಾಲೇಜಿನಲ್ಲಿ ಹೆಸರು ಮಾಡಿದ ವಿದ್ಯಾರ್ಥಿ ಆಗಿರಲಿಲ್ಲ ಅನ್ನುವುದನ್ನು ತೇಜಸ್ವಿ ಆಮೇಲೆ ‘ಅಣ್ಣನ ನೆನಪು’ ಪುಸ್ತಕದಲ್ಲಿ ಮುಚ್ಚುಮರೆ ಇಲ್ಲದೆ, ನಗ್ತಾ ನಗ್ತಾ ಬರೆದುಕೊಂಡಿದ್ದಾರೆ. ಅಲ್ಲಿ ಅಣ್ಣ ಅಂದ್ರೆ ಅಪ್ಪ, ಕುವೆಂಪು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಅಪ್ಪನನ್ನು ಹಾಗೇ ಕರೆಯೋದು. ಒಬ್ಬ ಮಹಾಕವಿಯ ಬಗ್ಗೆ ಮಗ ಬರೆದ ಪುಸ್ತಕದಲ್ಲಿ ಇಷ್ಟೊಂದು ನಗು ಇರಬಹುದು ಅಂತ ನಾನಂತೂ ಅಂದುಕೊಂಡಿರಲಿಲ್ಲ. ಓದಿಲ್ಲದವರು ಮೊದಲು ಅದನ್ನೇ ಓದಿ.

ಕನ್ನಡ ಎಂ.ಎ. ಮುಗಿಸಿದರು. ಗೆಳೆಯರ ಗುಂಪು ಕಟ್ಟಿಕೊಂಡು ಸಂಗೀತ, ಕ್ಯಾಮೆರಾ, ರಾಜಕೀಯ ಎಲ್ಲವನ್ನೂ ಮೈಗೆ ಹಚ್ಚಿಕೊಂಡರು. ಲೋಹಿಯಾ ಅವರ ಸಮಾಜವಾದ ಆ ವಯಸ್ಸಿನಲ್ಲಿ ತಲೆಗೆ ಹತ್ತಿದ್ದು ಕೊನೆತನಕ ಇಳಿಯಲಿಲ್ಲ. ಆವತ್ತಿನ ಮೈಸೂರಿನಲ್ಲಿ ನವ್ಯ ಸಾಹಿತ್ಯದ ಬಿಸಿ ಜೋರಾಗಿತ್ತು. ಬುದ್ಧಿವಂತ ಹುಡುಗರೆಲ್ಲ ಒಂಟಿತನ, ಅನಾಥಪ್ರಜ್ಞೆ ಅಂತ ಬರೆಯುವ ಕಾಲ. ತೇಜಸ್ವಿಯೂ ಹಾಗೇ ಶುರುಮಾಡಿದರು. ‘ಸೋಮುವಿನ ಸ್ವಗತ ಲಹರಿ’ ಅನ್ನೋ ಕವನಗಳು, 1966ರಲ್ಲಿ ‘ಸ್ವರೂಪ’ ಅನ್ನೋ ಕಿರುಕಾದಂಬರಿ. ಕೆಟ್ಟ ಬರವಣಿಗೆ ಅಲ್ಲ. ಆದ್ರೆ ‘ಸ್ವರೂಪ’ ಓದಿ ಕೂಡಲೇ ‘ಕರ್ವಾಲೊ’ ಓದಿದರೆ ಎರಡನ್ನೂ ಬರೆದದ್ದು ಒಬ್ಬನೇನಾ ಅಂತ ಅನುಮಾನ ಬರುತ್ತೆ. ಮೊದಲನೆಯದರಲ್ಲಿ ಮನುಷ್ಯ ತನ್ನೊಳಗನ್ನೇ ಬಗೆದು ನೋಡಿಕೊಳ್ತಾ ಇದ್ದಾನೆ. ಎರಡನೆಯದರಲ್ಲಿ ಹೊರಗಡೆ ನೋಡಿ ಮುಗಿಯದಷ್ಟು ಇದೆ, ಒಳಗೆ ನೋಡಲು ಪುರುಸೊತ್ತೇ ಇಲ್ಲ.

ಈ ಎರಡರ ನಡುವೆ ಆಗಿದ್ದು ಏನು? ಅವರು ಮೈಸೂರು ಬಿಟ್ಟರು.

ನಮ್ಮ ಲೆಕ್ಕದಲ್ಲಿ ನೋಡಿದರೆ ಇದು ಆಫರ್ ಲೆಟರ್ ಹರಿದು ಹಾಕಿದ ಹಾಗೆ. ಕನ್ನಡ ಎಂ.ಎ., ಕುವೆಂಪು ಮಗ, ಮೈಸೂರು. ಲೆಕ್ಚರರ್ ಕೆಲಸ ಮನೆ ಬಾಗಿಲಿಗೆ ಬರುವಂಥ ಕಾಲ. ಇವರು ಅದರ ಗೊಡವೆಗೆ ಹೋಗದೆ ಹಾಸನ, ಬೇಲೂರು ದಾಟಿ ಮೂಡಿಗೆರೆ ಹತ್ತಿರದ ಭೂತನಕಾಡಿನಲ್ಲಿ ಜಮೀನು ಮಾಡಿಕೊಂಡು ಕಾಫಿ ಗಿಡ ನೆಟ್ಟರು. ತೋಟಕ್ಕೆ ‘ಚಿತ್ರಕೂಟ’ ಅಂತ ಹೆಸರು. ಹೆಸರೇನೋ ಚೆನ್ನಾಗಿದೆ, ಆದರೆ ಹೊಸದಾಗಿ ತೋಟ ಮಾಡುವುದು ಅಂದ್ರೆ ಮಳೆ, ಜಿಗಣೆ, ಆಳಿನ ತಾಪತ್ರಯ, ಸಾಲ. ಕಾಫಿ ಗಿಡ ನೆಟ್ಟ ಮೇಲೆ ಫಸಲು ಕಾಣೋಕೆ ಮೂರು ನಾಲ್ಕು ವರ್ಷ ಬೇಕು. ಅಷ್ಟು ಹೊತ್ತಿಗೆ ಬೇರೆ ಯಾರಾದರೂ ವಾಪಸ್ ಬಂದು ಅಪ್ಪನ ಮುಂದೆ ನಿಲ್ತಿದ್ದರು.

ಇಲ್ಲೊಂದು ಮಾತು ನೇರವಾಗಿ ಹೇಳಬೇಕು. ತೇಜಸ್ವಿ ಕೆಲಸ ಬಿಟ್ಟು ಕಾಡಿಗೆ ಹೋದ್ರು, ನಾನೂ ಹೋಗ್ತೀನಿ ಅನ್ನೋ ಡೈಲಾಗ್ ಹಾಸ್ಟೆಲ್‌ನಲ್ಲಿ ಪ್ರತಿ ವರ್ಷ ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ಒಬ್ಬನಾದರೂ ಹೊಡೀತಾನೆ. ತೇಜಸ್ವಿಗೆ ಬಿದ್ದರೆ ಹಿಡಿಯೋಕೆ ಒಂಟಿಕೊಪ್ಪಲಿನಲ್ಲಿ ಒಂದು ಮನೆ ಇತ್ತು. ಎಜುಕೇಶನ್ ಲೋನ್ ತೀರಿಸಬೇಕಾದವನ ಕಥೆ ಬೇರೆ. ಆದರೆ ಇನ್ನೊಂದು ಮಗ್ಗುಲೂ ಇದೆ. ಅವರು ಓಡಿಹೋದವರಲ್ಲ. ಅಲ್ಲಿ ಕೂತು ಮುಂದಿನ ನಲವತ್ತು ವರ್ಷ ಮಾಡಿದ ಕೆಲಸದ ಪಟ್ಟಿ ನೋಡಿದರೆ, ಯಾವ ಎಂಎನ್‌ಸಿಯ ಅಪ್ರೈಸಲ್‌ಗೂ ಸುಸ್ತಾಗುವಷ್ಟಿದೆ. ಬಿಟ್ಟದ್ದು ನೌಕರಿಯನ್ನು, ದುಡಿಮೆಯನ್ನಲ್ಲ.

ಮಾನಸಗಂಗೋತ್ರಿಯಲ್ಲಿ ತತ್ವಶಾಸ್ತ್ರ ಓದುತ್ತಿದ್ದ ರಾಜೇಶ್ವರಿಯವರನ್ನು ಇಷ್ಟಪಟ್ಟು ಮದುವೆಯಾದರು. 1966ರ ನವೆಂಬರ್ 27, ಚಿತ್ರಕೂಟದ ತೋಟದ ಮನೆಯಲ್ಲೇ ಮದುವೆ. ಪುರೋಹಿತರಿಲ್ಲ, ಮುಹೂರ್ತದ ಗೊಡವೆ ಇಲ್ಲ, ವರದಕ್ಷಿಣೆ, ಆಡಂಬರ ಯಾವುದೂ ಇಲ್ಲ. ಕುವೆಂಪು ಅವರೇ ರೂಪಿಸಿದ್ದ ‘ಮಂತ್ರ ಮಾಂಗಲ್ಯ’ ಪದ್ಧತಿಯ ಮದುವೆ ಅದು. ಆಮೇಲೆ ಕರ್ನಾಟಕದಲ್ಲಿ ಎಷ್ಟೋ ಜೋಡಿಗಳು ಅದೇ ರೀತಿ ಮದುವೆಯಾದವು, ಈಗಲೂ ಆಗ್ತಿವೆ. ಬೆಂಗಳೂರಿನಲ್ಲಿ ಬೆಳೆದ ರಾಜೇಶ್ವರಿಯವರು ಆ ಕಾಡುಮೂಲೆಯ ತೋಟದಲ್ಲಿ ಸಂಸಾರ ಹೂಡಿ, ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದರು. ‘ನನ್ನ ತೇಜಸ್ವಿ’ ಅಂತ ಅವರು ಬರೆದ ಪುಸ್ತಕದಲ್ಲಿ ಆ ವರ್ಷಗಳ ಇನ್ನೊಂದು ಮುಖ ಇದೆ. ಗಂಡ ಮೀನು ಹಿಡಿಯಲು ಹೋದಾಗ ಮನೆ ನಡೆಸಿದವರು ಯಾರು ಅನ್ನೋದು ತೇಜಸ್ವಿಯ ಅಭಿಮಾನಿಗಳಿಗೆ ತಲೆಗೆ ಹೋಗದ ವಿಷಯ. ರಾಜೇಶ್ವರಿಯವರು 2021ರಲ್ಲಿ ತೀರಿಕೊಂಡರು.

1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಕಥಾಸಂಕಲನ ಬಂತು. ಇದರ ಮುನ್ನುಡಿಯಲ್ಲಿ ತೇಜಸ್ವಿ ನವ್ಯಕ್ಕೆ ಸಲಾಮು ಹೊಡೆದು ಹೊರಗೆ ಬಂದರು. ತನಗೆ ಬೇಕಾದದ್ದು ಲೋಹಿಯಾರ ತತ್ವಚಿಂತನೆ, ಕುವೆಂಪು ಅವರ ಕಲೆ, ಶಿವರಾಮ ಕಾರಂತರು ಬದುಕಿನ ಮೇಲೆ ನಡೆಸಿದ ಪ್ರಯೋಗಗಳು ಅನ್ನುವ ಅರ್ಥದಲ್ಲಿ ತಮ್ಮ ದಾರಿಯನ್ನು ಗುರುತು ಹಾಕಿಕೊಂಡರು. ಈ ಮೂರನೆಯದನ್ನ ನೋಡಿ. ಬದುಕನ್ನ ಲ್ಯಾಬ್ ತರಹ ನೋಡುವುದು. ವೈಜ್ಞಾನಿಕ ಕಾದಂಬರಿ ಬರೆಯೋಕೆ ಏಳು ವರ್ಷ ಮುಂಚೆಯೇ ಅದರ ಬೀಜ ಇಲ್ಲಿ ಬಿದ್ದಿತ್ತು ಅಂತ ನನಗನ್ನಿಸುತ್ತೆ. ಅದೇ ಸಂಕಲನದ ಶೀರ್ಷಿಕೆ ಕಥೆಯನ್ನು ಎನ್. ಲಕ್ಷ್ಮೀನಾರಾಯಣ್ ಸಿನಿಮಾ ಮಾಡಿದರು. ಅದರಲ್ಲೇ ಇರುವ ‘ತಬರನ ಕಥೆ’ಯನ್ನು ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿ 1986ರ ಸಾಲಿನ ಸ್ವರ್ಣಕಮಲ ತಂದರು. ಪೆನ್ಷನ್‌ಗಾಗಿ ಅಲೆಯುವ ತಬರನ ಕಥೆ ಓದಿದವರು ಸರ್ಕಾರಿ ಕೌಂಟರ್ ಮುಂದೆ ನಿಂತಾಗೆಲ್ಲ ಅವನನ್ನ ನೆನೆಸಿಕೊಳ್ತಾರೆ.

ಈಗ ‘ಕರ್ವಾಲೊ’ಗೆ ಬರೋಣ. ಓದದೇ ಇರುವವರು ಮುಂದಿನ ಮೂರು ಪ್ಯಾರಾ ಹಾರಿಸಿಕೊಂಡು ಹೋಗಿ, ಬೈಕೋಬೇಡಿ.

ಕಥೆ ಹೇಳುವವನು ಒಬ್ಬ ರೈತ, ಹೆಚ್ಚುಕಮ್ಮಿ ತೇಜಸ್ವಿಯೇ. ಬೇಸಾಯದಲ್ಲಿ ಬೇಸತ್ತು ಎಲ್ಲ ಮಾರಿಬಿಡಲಾ ಅಂತ ಯೋಚಿಸುತ್ತಿರುವವನು. ಅವನಿಗೆ ಮಂದಣ್ಣ ಸಿಗುತ್ತಾನೆ. ಊರವರ ಲೆಕ್ಕದಲ್ಲಿ ಈ ಮಂದಣ್ಣ ಶುದ್ಧ ಬೆಪ್ಪು. ಓದು ಹತ್ತಿಲ್ಲ, ಕೆಲಸ ಇಲ್ಲ, ಮದುವೆ ಆಗಬೇಕು ಅನ್ನೋ ಒಂದೇ ಹಂಬಲ. ಆದರೆ ಜೇನಿನ ಬಗ್ಗೆ ಅವನಿಗೆ ಗೊತ್ತಿಲ್ಲದ್ದಿಲ್ಲ. ಮೂಡಿಗೆರೆಯ ಸಂಶೋಧನಾ ಕೇಂದ್ರದಲ್ಲಿರುವ ವಿಜ್ಞಾನಿ ಕರ್ವಾಲೊ ಇವನಲ್ಲಿ ಒಬ್ಬ ಹುಟ್ಟು ನಿಸರ್ಗವಿಜ್ಞಾನಿಯನ್ನು ಕಾಣ್ತಾರೆ. ಡಿಗ್ರಿ ಇರುವವರು ಕಣ್ಣಿದ್ದೂ ಕಾಣದ್ದನ್ನು ಈ ಬೆಪ್ಪು ಕಾಣ್ತಾನೆ ಅನ್ನೋದು ಅವರಿಗೆ ಗೊತ್ತು. ಇಂಥವನು ಕಳ್ಳಭಟ್ಟಿ ಕೇಸಿನಲ್ಲಿ ಸಿಕ್ಕಿಕೊಂಡಾಗ ನಗುವುದಾ ಅಳುವುದಾ ಗೊತ್ತಾಗೋದಿಲ್ಲ. ಕೊನೆಗೆ ಮಂದಣ್ಣ ನೋಡಿದ್ದೇನೆ ಅನ್ನುವ ಒಂದು ಹಾರುವ ಓತಿಯ ಬೆನ್ನು ಹತ್ತಿ ಪಶ್ಚಿಮ ಘಟ್ಟದ ಕಾಡಿಗೆ ಒಂದು ತಂಡ ಹೊರಡುತ್ತೆ. ತಂಡ ಅಂದ್ರೆ ಇಸ್ರೋ ತಂಡ ಅಂದ್ಕೋಬೇಡಿ. ಒಬ್ಬ ವಿಜ್ಞಾನಿ, ಒಬ್ಬ ರೈತ, ಫೋಟೋಗ್ರಾಫರ್ ಪ್ರಭಾಕರ, ಅಡುಗೆಗೂ ಮರ ಹತ್ತೋಕೂ ಬಿರಿಯಾನಿ ಕರಿಯಪ್ಪ, ಮಂದಣ್ಣ, ಜೊತೆಗೆ ಕಿವಿ ಅನ್ನೋ ಹೆಸರಿನ ನಾಯಿ.

ಹಿಚ್‌ಹೈಕರ್ ಪಾರ್ಟಿಯವರು ಇಲ್ಲಿ ಒಂದು ಪಾಯಿಂಟ್ ಹಾಕಿದ್ದರು. ಹಾರುವ ಓತಿ ಕಲ್ಪನೆಯೇ ಅಲ್ಲವಲ್ಲ, ನಿಜವಾಗಿಯೂ ಇದೆಯಲ್ಲ ಅಂತ. ಸರಿಯೇ. ಅದರ ಶಾಸ್ತ್ರೀಯ ಹೆಸರು ಡ್ರಾಕೊ ಡುಸ್ಸುಮಿಯೇರಿ. ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಅಡಿಕೆ ತೋಟಗಳಲ್ಲಿ ಕಾಣಸಿಗುತ್ತೆ. ಪಕ್ಕೆಲುಬುಗಳು ಉದ್ದ ಬೆಳೆದು ಅವುಗಳ ಮೇಲೆ ಚರ್ಮ ಹಾಸಿಕೊಂಡಿರುತ್ತೆ. ಬೇಕಾದಾಗ ಛತ್ರಿಯಂತೆ ಬಿಚ್ಚಿ ಒಂದು ಮರದಿಂದ ಇನ್ನೊಂದಕ್ಕೆ ತೇಲಿಕೊಂಡು ಹೋಗುತ್ತೆ. ರೆಕ್ಕೆ ಬಡಿಯುವುದಿಲ್ಲ, ಏರೋಡೈನಮಿಕ್ಸ್ ಓದುವವರ ಭಾಷೆಯಲ್ಲಿ ಅದು ಗ್ಲೈಡರ್. ಇರುವೆ ತಿಂದುಕೊಂಡು ಮರದ ಮೇಲೆಯೇ ಇರುತ್ತೆ, ಹೆಣ್ಣು ಮೊಟ್ಟೆ ಇಡಲು ಮಾತ್ರ ನೆಲಕ್ಕೆ ಇಳಿಯುತ್ತೆ. ಆದರೆ ಕಾದಂಬರಿಯ ಓತಿ ಇಷ್ಟಕ್ಕೇ ನಿಲ್ಲೋದಿಲ್ಲ. ಕೋಟಿಗಟ್ಟಲೆ ವರ್ಷಗಳ ಹಿಂದಿನ ಜೀವಲೋಕದಿಂದ ತಪ್ಪಿಸಿಕೊಂಡು ನಮ್ಮ ಕಾಲಕ್ಕೆ ಬಂದುಬಿಟ್ಟ ಅತಿಥಿಯ ಹಾಗೆ ಅದನ್ನು ನಿಲ್ಲಿಸುತ್ತಾರೆ. ಬೇರೆಯವರು ಟೈಮ್ ಮೆಷಿನ್ ಕಟ್ಟಿ ಕಾಲದಲ್ಲಿ ಹಿಂದೆ ಹೋದರೆ, ಇಲ್ಲಿ ಹಿಂದಿನ ಕಾಲವೇ ಮರದ ತೊಗಟೆಗೆ ಅಂಟಿಕೊಂಡು ಕೂತಿದೆ, ಗುರುತಿಸುವ ಕಣ್ಣು ಬೇಕು ಅಷ್ಟೆ. ಆ ಕಣ್ಣು ಇರುವುದು ಪಿಎಚ್.ಡಿ.ಯವನಿಗಲ್ಲ, ಮಂದಣ್ಣನಿಗೆ. ವಿಜ್ಞಾನದ ಪ್ರಶ್ನೆಯೊಂದು ಇಡೀ ಕಥೆಯನ್ನು ಎಳೆದುಕೊಂಡು ಹೋಗ್ತಾ ಇದ್ದರೆ, ಅದನ್ನ ಸೈನ್ಸ್ ಫಿಕ್ಷನ್ ಅನ್ನೋಕೆ ರಾಕೆಟ್ ಯಾಕೆ ಬೇಕು ಅನ್ನೋದು ನನ್ನ ವಾದ. ಕೊನೆಗೆ ಓತಿ ಸಿಗುತ್ತಾ ಅಂದ್ರೆ, ಸಿಗುತ್ತೆ, ಕೈಗೆ ಹತ್ತಿರ ಬರುತ್ತೆ, ಆಮೇಲೆ ಕಣಿವೆಯ ಮೇಲೆ ತೇಲಿ ಹೋಗಿಬಿಡುತ್ತೆ.

ಡಗ್ಲಾಸ್ ಆಡಮ್ಸ್ ವಿಷಯ ಬಂದಿದ್ದಕ್ಕೆ ಒಂದು ಅಡ್ಡಮಾತು. ಆ ಮನುಷ್ಯನೂ ಆಮೇಲೆ ಗ್ಯಾಲಕ್ಸಿ ಬಿಟ್ಟು ಭೂಮಿಗೆ ಇಳಿದ. ಅಳಿವಿನಂಚಿನ ಪ್ರಾಣಿಗಳನ್ನು ಹುಡುಕಿಕೊಂಡು, ಪ್ರಾಣಿಶಾಸ್ತ್ರ ಗೊತ್ತಿದ್ದ ಮಾರ್ಕ್ ಕಾರ್ವರ್ಡೀನ್ ಜೊತೆ ಮಡಗಾಸ್ಕರ್, ನ್ಯೂಜಿಲೆಂಡ್, ಚೀನಾ ಎಲ್ಲ ಸುತ್ತಿ 1990ರಲ್ಲಿ ‘ಲಾಸ್ಟ್ ಚಾನ್ಸ್ ಟು ಸೀ’ ಬರೆದ. ನಗುವುದಕ್ಕೆ ಶುರುಮಾಡಿ ಕೊನೆಗೆ ಗಂಟಲು ಕಟ್ಟುವ ಪುಸ್ತಕ. ಅವನಿಗೂ ಕಂಪ್ಯೂಟರ್ ಹುಚ್ಚು, ಇವರಿಗೂ. ಇಬ್ಬರೂ ಒಬ್ಬರನ್ನೊಬ್ಬರು ಓದಿಕೊಳ್ಳದೆಯೇ ಒಂದೇ ಕಡೆ ಬಂದು ನಿಂತರು ಅಂತ ಹೇಳೋಕೆ ನನಗೆ ಆಸೆ. ಬಳಗದಲ್ಲಿ ಎರಡನ್ನೂ ಓದೋಣ, ಜಗಳ ಯಾಕೆ?

ತೇಜಸ್ವಿ ಮಾಡಿದ ಕೆಲಸದಲ್ಲಿ ನಮ್ಮಂಥವರಿಗೆ ಹತ್ತಿರವಾದದ್ದು ಕಾದಂಬರಿಗಿಂತ ಹೆಚ್ಚಾಗಿ ಇನ್ನೊಂದಿದೆ. ಅದು ಕನ್ನಡದಲ್ಲಿ ವಿಜ್ಞಾನವನ್ನ ಹರಟೆಯ ಮಟ್ಟಕ್ಕೆ ತಂದದ್ದು. ಮಟ್ಟಕ್ಕೆ ಇಳಿಸಿದ್ದು ಅಂತ ಬರೆಯೋಕೆ ಹೋಗಿದ್ದೆ, ಬೇಕಂತಲೇ ಬರೆಯಲಿಲ್ಲ. ಕನ್ನಡ ಮಾಧ್ಯಮದಿಂದ ಬಂದು ಫಸ್ಟ್ ಸೆಮ್‌ನಲ್ಲಿ ಕಣ್ಣು ಕಣ್ಣು ಬಿಟ್ಟವರಿಗೆ ಇದು ಅರ್ಥ ಆಗುತ್ತೆ. ನಮ್ಮ ಪಠ್ಯದ ವಿಜ್ಞಾನಕ್ಕೆ ಎರಡೇ ಭಾಷೆ: ಒಂದು ಇಂಗ್ಲಿಷ್, ಇನ್ನೊಂದು ಯಾರೂ ಮಾತಾಡದ ಸಂಸ್ಕೃತಮಯ ಕನ್ನಡ. ದ್ಯುತಿಸಂಶ್ಲೇಷಣೆ ಅನ್ನೋ ಪದವನ್ನು ಉರು ಹೊಡೆದವರಿಗೆ ಎಲೆ ಯಾಕೆ ಹಸಿರು ಅಂತ ಕೇಳಿದರೆ ಬಾಯಿ ಕಟ್ಟುತ್ತೆ. ತೇಜಸ್ವಿ ಈ ಎರಡನ್ನೂ ಬದಿಗೆ ಸರಿಸಿ, ಜಗಲಿಯ ಮೇಲೆ ಕೂತು ಕಥೆ ಹೇಳುವ ಧಾಟಿಯಲ್ಲಿ ಬರೆದರು. ‘ಪರಿಸರದ ಕತೆ’ಯಲ್ಲಿ ಮೀನು, ಹಂದಿ, ಕಾಡುಕೋಳಿ, ನಾಯಿ, ಆಳುಗಳು ಎಲ್ಲ ಒಟ್ಟಿಗೆ ಬರ್ತಾರೆ. ನೀವು ನಗ್ತಾ ಓದ್ತಿರ್ತೀರಿ, ಅಷ್ಟರಲ್ಲಿ ಒಂದು ಕೀಟ ಇಲ್ಲದೆ ಹೋದರೆ ಇಡೀ ತೋಟಕ್ಕೆ ಏನಾಗುತ್ತೆ ಅನ್ನೋದು ಗೊತ್ತಾಗಿಬಿಟ್ಟಿರುತ್ತೆ. ‘ಏರೋಪ್ಲೇನ್ ಚಿಟ್ಟೆ’ಯೂ ಹಾಗೇ. ‘ಮಿಸ್ಸಿಂಗ್ ಲಿಂಕ್’ನಲ್ಲಿ ಮನುಷ್ಯನ ವಿಕಾಸದ ಹುಡುಕಾಟ ಪತ್ತೇದಾರಿ ಕಥೆಯಂತೆ ಓಡುತ್ತೆ. ‘ಫ್ಲೈಯಿಂಗ್ ಸಾಸರ್ಸ್’ ಅನ್ನೋ ಎರಡು ಭಾಗದ ಪುಸ್ತಕವೂ ಇದೆ. ರಾಕೆಟ್ ಬೇಕು ಅಂದವರು ಅದನ್ನು ತೆಗೆದುಕೊಳ್ಳಬಹುದು. ‘ಹಕ್ಕಿ ಪುಕ್ಕ’ ಹಿಡಿದುಕೊಂಡು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಬೆಳಗ್ಗೆ ನಡೆದು ನೋಡಿ. ಎಕ್ಸಾಂ ಮರುದಿನ ಇದ್ದರೂ ಪರವಾಗಿಲ್ಲ.

ಅನುವಾದವೂ ಮಾಡಿದರು, ಅದೂ ತಮ್ಮದೇ ರೀತಿಯಲ್ಲಿ. ಕೆನೆತ್ ಆಂಡರ್ಸನ್‌ನ ಬೇಟೆ ಕಥೆಗಳು ‘ಕಾಡಿನ ಕಥೆಗಳು’ ಅಂತ ನಾಲ್ಕು ಭಾಗಗಳಲ್ಲಿ ಬಂದವು. ಅವನ್ನು ಓದಿ ಕನ್ನಡ ಓದೋಕೆ ಶುರುಮಾಡಿದ ಹುಡುಗರು ಎಷ್ಟು ಜನವೋ. ಪ್ರದೀಪ್ ಕೆಂಜಿಗೆ ಜೊತೆ ಸೇರಿ ‘ಪ್ಯಾಪಿಲಾನ್’ ತಂದರು. ಜಪಾನಿನ ಫುಕುವೋಕಾ ಬಗ್ಗೆ ‘ಸಹಜ ಕೃಷಿ’ ಬರೆದರು. 2000ದ ಹೊಸ್ತಿಲಲ್ಲಿ ‘ಮಿಲೆನಿಯಂ’ ಸರಣಿ ಅಂತ ಹದಿನಾರು ಪುಟ್ಟ ಪುಸ್ತಕ. ಚಂದ್ರನಿಂದ ಹಿಡಿದು ಮಹಾಯುದ್ಧ, ಪೆಸಿಫಿಕ್ ದ್ವೀಪಗಳವರೆಗೆ ಎಲ್ಲ ಇದೆ. ಬೆಲೆ ಕಡಿಮೆ, ಸೈಜು ಚಿಕ್ಕದು, ಬಸ್ಸಿನಲ್ಲಿ ಓದಬಹುದು. ಇವೆಲ್ಲ ಬಂದದ್ದು ಹೆಚ್ಚಾಗಿ ಮೈಸೂರಿನ ‘ಪುಸ್ತಕ ಪ್ರಕಾಶನ’ದಿಂದ. ಮೈಸೂರು ಬಿಟ್ಟರೂ ಅವರ ಪುಸ್ತಕದ ಬೆನ್ನಿನ ಮೇಲೆ ಮೈಸೂರಿನ ಹೆಸರು ಉಳಿದೇ ಇತ್ತು.

ಮಧ್ಯದಲ್ಲಿ ‘ಚಿದಂಬರ ರಹಸ್ಯ’ 1985ರಲ್ಲಿ ಬಂದು, 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಕೆಸರೂರು ಅನ್ನೋ ಊರಿನಲ್ಲಿ ಏಲಕ್ಕಿ, ಪ್ರೇಮ, ಕೋಮು ಜಗಳ, ನಾಸ್ತಿಕ ಹುಡುಗರ ಸಂಘ ಎಲ್ಲ ಸೇರಿ ಕೊನೆಗೆ ಬೆಂಕಿ ಬೀಳುವ ಕಾದಂಬರಿ. ಇವತ್ತಿಗೆ ಓದಿದರೆ ನಗು ಬೇಗ ನಿಲ್ಲುತ್ತೆ. 1994ರಲ್ಲಿ ‘ಜುಗಾರಿ ಕ್ರಾಸ್’, ಒಂದೇ ರಾತ್ರಿಗೆ ಓದಿ ಮುಗಿಸುವಂಥದ್ದು. ಪಂಪ ಪ್ರಶಸ್ತಿ ಬಂತು. ಅದೇ 1994ರ ನವೆಂಬರ್‌ನಲ್ಲಿ ಕುವೆಂಪು ತೀರಿಕೊಂಡಿದ್ದರು. ಅಷ್ಟು ಹೊತ್ತಿಗೆ ಮಗನನ್ನು ಯಾರೂ ಕುವೆಂಪು ಮಗ ಅಂತ ಪರಿಚಯಿಸುತ್ತಿರಲಿಲ್ಲ. ನಮ್ಮ ನಾಡಿನಲ್ಲಿ ಇದು ಸಣ್ಣ ಸಾಧನೆ ಅಲ್ಲ ಬಿಡಿ.

ಇನ್ನು ಕಂಪ್ಯೂಟರ್ ಕಥೆ. ಇದನ್ನ ಸಾಹಿತ್ಯದವರು ಎರಡು ಸಾಲಿನಲ್ಲಿ ಮುಗಿಸುತ್ತಾರೆ, ನಾವು ಹಾಗೆ ಮಾಡಬಾರದು.

ತೇಜಸ್ವಿ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದ ಲೇಖಕ. ಸ್ಕೂಟರ್ ಇರಲಿ, ಕ್ಯಾಮೆರಾ ಇರಲಿ, ಕೆಟ್ಟರೆ ತಾನೇ ಬಿಚ್ಚಿ ನೋಡುವ ಜಾತಿ. ಕಂಪ್ಯೂಟರ್ ಬಂದಾಗಲೂ ಅದನ್ನ ಬರೀ ಟೈಪ್‌ರೈಟರ್ ಮಾಡಿಕೊಳ್ಳಲಿಲ್ಲ. ಪುಸ್ತಕದ ಪುಟ ವಿನ್ಯಾಸ, ಚಿತ್ರ ಕೆಲಸಕ್ಕೆ ಅದನ್ನು ಬಗ್ಗಿಸಿಕೊಂಡರು. ಅಲ್ಲೇ ತೊಡಕು ಶುರುವಾಯಿತು. ಆ ಕಾಲದ ಕನ್ನಡ ತಂತ್ರಾಂಶಗಳ ಕಥೆ ಈಗಿನವರಿಗೆ ಗೊತ್ತಿಲ್ಲ. ಒಂದೊಂದು ಕಂಪನಿಯದು ಒಂದೊಂದು ಫಾಂಟ್, ಒಂದೊಂದು ಎನ್‌ಕೋಡಿಂಗ್. ಇಲ್ಲಿ ‘ಕ’ ಇದ್ದ ನಂಬರಿನಲ್ಲಿ ಅಲ್ಲಿ ‘ಳ’ದ ಅರ್ಧ ಇರುತ್ತಿತ್ತು. ಒಂದರಲ್ಲಿ ಟೈಪ್ ಮಾಡಿದ್ದನ್ನು ಇನ್ನೊಂದರಲ್ಲಿ ತೆರೆದರೆ ಬರೀ ಕಸ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಸಾಮಾನ್ಯ ಬಳಕೆದಾರನ ಮೇಜಿಗೆ ಅದು ಬಂದದ್ದು 2001ರಲ್ಲಿ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟ್ ಹೊತ್ತುಕೊಂಡು ಬಂದ ಮೇಲೆ, ಅದೂ ಒತ್ತಕ್ಷರದಲ್ಲಿ ಎಡವುತ್ತಾ.

ಒಂದು ಭಾಷೆಯ ಬರಹ ಒಂದೇ ತಂತ್ರಾಂಶದ ಹಿಡಿತದಲ್ಲಿ ಇರಬಾರದು, ಕೋಡ್ ತೆರೆದು ನೋಡಿ ತಿದ್ದುವ ಅವಕಾಶ ಬೇಕು, ಸರ್ಕಾರ ಈ ಕೆಲಸಕ್ಕೆ ದುಡ್ಡು ಹಾಕಬೇಕು, ಹಾಕಿದ ದುಡ್ಡಿಗೆ ಲೆಕ್ಕ ಕೇಳಬೇಕು ಅನ್ನುವುದು ತೇಜಸ್ವಿಯವರ ನಿಲುವು. ನಾವು ಓಪನ್ ಸೋರ್ಸ್ ಅಂತ ಟೀ ಶರ್ಟ್ ಹಾಕ್ಕೊಂಡು ಹೇಳುವ ಮಾತನ್ನ ಮೂಡಿಗೆರೆಯ ಒಬ್ಬ ಕಾಫಿ ಬೆಳೆಗಾರ, ಅರವತ್ತು ದಾಟಿದ ಮೇಲೆ, ಸಭೆಗಳಲ್ಲಿ ನಿಂತು ವಾದ ಮಾಡ್ತಾ ಇದ್ದರು. ಮಾತಿಗೇ ನಿಲ್ಲಿಸದೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೂಲಕ ‘ಕುವೆಂಪು’ ಹೆಸರಿನ ಕನ್ನಡ ತಂತ್ರಾಂಶ ಬರುವಂತೆ ದುಡಿದರು. ಆ ತಂತ್ರಾಂಶ ಗೆದ್ದಿತಾ? ನಿಜ ಹೇಳಬೇಕಂದ್ರೆ ಇಲ್ಲ. ನಮ್ಮ ಊರಿನ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ‘ನುಡಿ’ಯೇ ಓಡುತ್ತೆ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೇ ಎಲ್ಲರ ಬೆರಳಿಗೆ ಕೂತಿದೆ, ಮೊಬೈಲಿಗೆ ಯುನಿಕೋಡ್ ಬಂದ ಮೇಲೆ ಹಳೆಯ ಜಗಳವೇ ಅರ್ಥ ಕಳೆದುಕೊಂಡಿತು. ಆದರೂ ಸೋತ ಪ್ರಾಜೆಕ್ಟ್ ಅಂತ ತಳ್ಳಿಹಾಕೋಕೆ ಆಗಲ್ಲ. ಕನ್ನಡ ಬದುಕಬೇಕಾದರೆ ಕವಿಗಳು ಮಾತ್ರ ಸಾಲದು, ಎಂಜಿನಿಯರುಗಳು ಬೇಕು ಅಂತ ಒಬ್ಬ ಸಾಹಿತಿ ಗಟ್ಟಿಯಾಗಿ ಕೂಗಿ ಹೇಳಿದ ಕಾಲ ಅದು. ಅಪ್ಪ ಕುಲಪತಿಯಾಗಿ ಕನ್ನಡದಲ್ಲಿ ವಿಜ್ಞಾನ ಕಲಿಸಬೇಕು ಅಂತ ಹಠ ಹಿಡಿದಿದ್ದರು. ಮಗ ಅದೇ ಹಠವನ್ನು ಕೀಬೋರ್ಡಿನವರೆಗೆ ತಂದರು. ಕನ್ನಡ ಸ್ಪೆಲ್ ಚೆಕ್, ಓಸಿಆರ್, ಧ್ವನಿ ಗುರುತಿಸುವಿಕೆ ಇವೆಲ್ಲ ಈಗಲೂ ಅರ್ಧಂಬರ್ಧವೇ. ಮಿನಿ ಪ್ರಾಜೆಕ್ಟ್‌ಗೆ ಟಾಪಿಕ್ ಸಿಗ್ತಿಲ್ಲ ಅಂತ ಗೋಳಾಡುವವರು ಇತ್ತ ಕಡೆ ಒಮ್ಮೆ ನೋಡಬಹುದು.

ಅವರ ಕಥೆಗಳು ಸಿನಿಮಾ ಆಗುವುದು ಇನ್ನೂ ನಿಂತಿಲ್ಲ. ‘ಕುಬಿ ಮತ್ತು ಇಯಾಲ’, ‘ಕಿರಗೂರಿನ ಗಯ್ಯಾಳಿಗಳು’ ಆದವು. 2023ರಲ್ಲಿ ‘ಡೇರ್‌ಡೆವಿಲ್ ಮುಸ್ತಾಫಾ’ ಬಂದಾಗ ನಮ್ಮಲ್ಲಿ ಎಷ್ಟೋ ಜನ ಕ್ಲಾಸ್ ಬಂಕ್ ಮಾಡಿ ಹೋಗಿದ್ದೆವು. ಅಟೆಂಡೆನ್ಸ್ ವಿಷಯ ಇಲ್ಲಿ ಬೇಡ. ಅಬಚೂರಿನ ಆ ಕಾಲೇಜಿಗೆ ಬರುವ ಮುಸ್ತಾಫಾನ ಕಥೆಯನ್ನ ತೇಜಸ್ವಿ ಬರೆದದ್ದು ಅಷ್ಟು ಹಿಂದೆ, ಹಾಲಿನಲ್ಲಿ ಚಪ್ಪಾಳೆ ಬಿದ್ದದ್ದು ಮೊನ್ನೆ.

ಕೊನೆಯ ವರ್ಷಗಳಲ್ಲಿ ಮೂಡಿಗೆರೆಯ ‘ನಿರುತ್ತರ’ ಅನ್ನೋ ಮನೆಯಲ್ಲಿದ್ದರು. ಹಕ್ಕಿಗಳ ಫೋಟೋ, ಮೀನಿನ ಗಾಳ, ಕಂಪ್ಯೂಟರ್, ಬರವಣಿಗೆ. 2007ರ ಏಪ್ರಿಲ್ 5ರಂದು ಅದೇ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅರವತ್ತೆಂಟು ವರ್ಷ. ಕುಪ್ಪಳಿಯಲ್ಲಿ, ಅಪ್ಪನ ಕವಿಶೈಲಕ್ಕೆ ಹತ್ತಿರದಲ್ಲೇ ಅವರ ಸ್ಮಾರಕ ಇದೆ. ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನ ಇದೆ, ಚಾರ್ಮಾಡಿ ಘಾಟಿಗೆ ಬೈಕ್ ರೈಡ್ ಹೋಗುವವರು ನೀರು ದೋಸೆ ತಿನ್ನೋಕೆ ನಿಲ್ಲಿಸುತ್ತಾರಲ್ಲ, ಅದೇ ಊರು. ಸಾಯುವುದಕ್ಕೆ ಸ್ವಲ್ಪ ಮುಂಚೆ ‘ಮಾಯಾಲೋಕ’ ಅಂತ ಒಂದು ಪುಸ್ತಕ ತಂದಿದ್ದರು, ಚಿತ್ರಗಳು ಬರಹಗಳು ಒಂದರೊಳಗೊಂದು ಸೇರಿಕೊಂಡಿರುವಂಥದ್ದು. ಹೆಸರಿನ ಮುಂದೆ 1 ಅಂತ ಹಾಕಿದ್ದರು. ಎರಡನೆಯದು ಬರಲಿಲ್ಲ.